ಕಿತ್ತಳೆ ಸಿಪ್ಪೆ ಕೊನೆಗೆ ಹಾಕಿ

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಯುವುದೇ ತಡ, ಇಲ್ಲಿ ಅಮೆರಿಕದಲ್ಲಿ ಮನೆ ಘಮಘಮಿಸಲೆಂದು ಒಲೆ ಮೇಲೆ ಹಣ್ಣು, ಮಸಾಲೆ ಕುದಿಸುವುದು ಶುರುವಾಗುತ್ತದೆ. ಪಾತ್ರೆ ತುಂಬ ನೀರು, ಬಿಲ್ಲೆ ಬಿಲ್ಲೆ ಹೆಚ್ಚಿದ ಕಿತ್ತಳೆ, ಮೇಲೊಂದಿಷ್ಟು ಕೆಂಪು ಹುಳಿ ಹಣ್ಣು ಕ್ರ್ಯಾನ್‌ಬೆರಿ, ನಾಲ್ಕು ಚಕ್ಕೆ, ಎರಡು ಕಡ್ಡಿ ಪರಿಮಳದ ಸೊಪ್ಪು ರೋಸ್‌ಮೆರಿ. ಎಲ್ಲ ಒಟ್ಟಿಗೆ ಹಾಕಿ ಒಂದು ಫೋಟೋ. ಆಮೇಲೆ ಉರಿ ಜೋರು ಮಾಡಿ ಕುದಿಸುತ್ತಾರೆ. ಹತ್ತು ನಿಮಿಷ ಮನೆ ಘಮಘಮ ಅನ್ನುತ್ತದೆ. ಬಂದವರು ಬಾಗಿಲು ತಟ್ಟುವ ಹೊತ್ತಿಗೆ ಉಳಿದಿರುವುದು ಬೆಂದ ಸಿಪ್ಪೆಯ ಕಹಿ ವಾಸನೆ, ಅದರ ಕೆಳಗೆ ಮಧ್ಯಾಹ್ನದ ಇಂಗಿನ ಒಗ್ಗರಣೆ. ಹೋದ ವರ್ಷ ನಮ್ಮ ಬಳಗದಲ್ಲೇ ಮೂರು ಮನೆಗಳಲ್ಲಿ ಇದನ್ನು ನೋಡಿದೆ. ಹಬ್ಬದ ದಿನ ಹೇಳುವುದು ಬೇಡ ಅಂತ ಸುಮ್ಮನೆ ಬಂದೆ. ಈ ವರ್ಷ ಬರೆದೇ ಬಿಡುತ್ತೇನೆ.

ಇಲ್ಲಿಯವರು ಇದಕ್ಕೆ ಪೋಪುರಿ ಅನ್ನುತ್ತಾರೆ. ಫ್ರೆಂಚ್ ಮಾತು, ಇದ್ದಂತೆ ಅರ್ಥ ಮಾಡಿದರೆ ಕೊಳೆತ ಗಡಿಗೆ. ಹಳೇ ಕಾಲದಲ್ಲಿ ಗುಲಾಬಿ ಪಕಳೆಗೆ ಉಪ್ಪು ಹಾಕಿ ಭರಣಿಯಲ್ಲಿ ಕೊಳೆಸಿ ಇಡುತ್ತಿದ್ದರು, ಅದರಿಂದ ಬಂದ ಹೆಸರು. ಒಲೆ ಮೇಲೆ ಇಡುವುದು ಅದರ ಸುಲಭದ ರೂಪ.

ನಾನು ಕಲಿತದ್ದು ಮಿಷಿಗನ್ ರಾಜ್ಯಕ್ಕೆ ಬಂದ ಮೊದಲ ಚಳಿಗಾಲದಲ್ಲಿ, ಪಕ್ಕದ ಮನೆಯ ಅಜ್ಜಿಯಿಂದ. ನವೆಂಬರಿನಲ್ಲಿ ಮುಚ್ಚಿದ ಕಿಟಕಿ ಏಪ್ರಿಲ್‌ವರೆಗೆ ತೆಗೆಯುವ ಹಾಗಿರಲಿಲ್ಲ. ನಮ್ಮ ಸಾಸಿವೆ, ಇಂಗು, ಈರುಳ್ಳಿ ಎಲ್ಲ ಕೋಟುಗಳಲ್ಲಿ ಹೋಗಿ ಕೂರುತ್ತಿದ್ದವು. ಆ ಅಜ್ಜಿಯ ಒಲೆಯ ಹಿಂದಿನ ಬರ್ನರ್ ಮೇಲೆ ಯಾವಾಗಲೂ ಒಂದು ಸಣ್ಣ ಪಾತ್ರೆ. ಅದಕ್ಕೆಂದು ಆಕೆ ಒಂದು ಹಣ್ಣನ್ನೂ ಕೊಂಡಿದ್ದು ನಾನು ಕಾಣೆ. ಪೈ ಮಾಡಿದ ಸೇಬಿನ ಸಿಪ್ಪೆ, ಬೆಳಗ್ಗೆ ತಿಂದ ಕಿತ್ತಳೆಯ ಸಿಪ್ಪೆ, ಒಂದು ಚಕ್ಕೆ, ನಾಲ್ಕು ಲವಂಗ. ನೀರು ಮಾತ್ರ ಅಲ್ಲಾಡುತ್ತಿದೆಯೋ ಇಲ್ಲವೋ ಅನ್ನುವಷ್ಟು ಸಣ್ಣ ಉರಿ. ಸಂಜೆಯವರೆಗೂ ಮನೆ ಹಾಗೇ ಪರಿಮಳಿಸುತ್ತಿತ್ತು.

ಅದನ್ನು ನೋಡಿದಾಗ ನನಗೆ ನಮ್ಮಮ್ಮನ ಸಾಂಬ್ರಾಣಿ ನೆನಪಾಯಿತು. ಶುಕ್ರವಾರ ತಲೆಗೆ ನೀರು ಹಾಕಿಕೊಂಡ ಮೇಲೆ ಅಮ್ಮ ಧೂಪಾರತಿಯಲ್ಲಿ ಕೆಂಡ ಇಟ್ಟುಕೊಂಡು ಕಾಯುತ್ತಿದ್ದರು. ನಿಗಿನಿಗಿ ಕೆಂಡಕ್ಕೆ ಹಾಕಿದರೆ ಸಾಂಬ್ರಾಣಿ ಸುಟ್ಟು ಕಪ್ಪು ಹೊಗೆ ಬರುತ್ತದೆ, ಕಣ್ಣು ಉರಿಯುತ್ತದೆ. ಕೆಂಡದ ಮೇಲೆ ತೆಳ್ಳಗೆ ಬೂದಿ ಕೂತ ಮೇಲೆ ಒಂದು ಚಿಟಿಕೆ ಉದುರಿಸಿದರೆ ಬಿಳೀ ಹೊಗೆ, ಮನೆಯೆಲ್ಲ ಸುವಾಸನೆ. ಇಲ್ಲಿಯ ಪಾತ್ರೆಗೂ ಅದೇ ತಾಳ್ಮೆ ಬೇಕು. ಅನ್ನದ ಎಸರು ಮರಳಿದ ಹಾಗೆ ಮರಳಬಾರದು. ಅಂಚಿನಲ್ಲಿ ಒಂದೊಂದೇ ಗುಳ್ಳೆ ಎದ್ದು ಒಡೆಯಬೇಕು, ಮೇಲೆ ತೆಳ್ಳನೆ ಆವಿ ಆಡಬೇಕು. ಅಷ್ಟೇ.

ಮೊದಲು ಮನೆಯ ವಾಸನೆ ಕಳೆಯಿರಿ. ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೇರಿದರೆ ಎರಡೂ ಕೆಡುತ್ತವೆ. ಅಡುಗೆ ಮುಗಿದ ಮೇಲೆ ಫ್ಯಾನ್ ಹಾಕಿ, ಎಷ್ಟೇ ಚಳಿ ಇರಲಿ ಐದು ನಿಮಿಷ ಕಿಟಕಿ ತೆಗೆಯಿರಿ. ಕರಿದ ಎಣ್ಣೆಯ ಬಾಣಲೆ ಒಲೆ ಮೇಲೆ ಬಿಡಬೇಡಿ. ಒಗ್ಗರಣೆಗೆ ಮುಂಚೆ ಕೋಟಿನ ಕಪಾಟು, ಮಲಗುವ ಕೋಣೆ ಎರಡೂ ಬಾಗಿಲು ಹಾಕಿರಬೇಕು. ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಹುಡುಗರಿಗೆ ತಲೆಗೆ ಹೋಗುವುದಿಲ್ಲ.

ಪಾತ್ರೆ ದಪ್ಪ ತಳದ ಸ್ಟೀಲಿನದು ಇರಲಿ. ಹಾಲು ಕಾಯಿಸುವ ಪಾತ್ರೆ ಖಂಡಿತ ಬೇಡ, ಲವಂಗದ ವಾಸನೆ ಹಿಡಿದುಕೊಂಡರೆ ಬೇಗ ಬಿಡುವುದಿಲ್ಲ. ಮುಕ್ಕಾಲು ಪಾತ್ರೆ ನೀರು. ಇಲ್ಲಿಯ ಅಂಗಡಿಯಲ್ಲಿ ಸಿಗುವ ದಪ್ಪ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಅನ್ನುವ ಜಾತಿಯದು. ಘಾಟು ಜಾಸ್ತಿ, ಈ ಕೆಲಸಕ್ಕೆ ಅದೇ ಒಳ್ಳೆಯದು. ಕಾಗದದ ಸುರುಳಿಯಂತೆ ಪದರ ಪದರವಾಗಿರುವ ಸಿಲೋನ್ ಚಕ್ಕೆಯನ್ನು ಇದಕ್ಕೆ ದಂಡ ಮಾಡಬೇಡಿ. ಚಕ್ಕೆಯನ್ನು ಮುರಿದು, ಲವಂಗವನ್ನು ಕುಟ್ಟಾಣಿಯಲ್ಲಿ ಒಂದೇ ಒಂದು ಪೆಟ್ಟು ಹಾಕಿ. ಪುಡಿ ಮಾತ್ರ ಹಾಕಬೇಡಿ, ತಳ ಹಿಡಿಯುತ್ತದೆ. ಅನಾನಸ್ ಹೂವು ಒಂದು ಸಾಕು, ಎರಡಾದರೆ ಬಿರಿಯಾನಿಯ ವಾಸನೆ ಬರುತ್ತದೆ. ಏಲಕ್ಕಿ ಬೇಡ. ಏಲಕ್ಕಿ ಪಾಯಸಕ್ಕೆ. ಕಾಳು ಬಿಡಿಸಿದ ಮೇಲೆ ಉಳಿಯುವ ಸಿಪ್ಪೆ ಇದೆಯಲ್ಲ, ಅದನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದರೆ ಅದನ್ನು ಒಂದು ಹಿಡಿ ಹಾಕಿ. ಕೂಡಿಟ್ಟಿಲ್ಲ ಅಂದರೆ ಇವತ್ತಿನಿಂದ ಇಡಿ.

ಕ್ರ್ಯಾನ್‌ಬೆರಿ ನೋಡಲು ಚೆಂದ, ಆದರೆ ಪರಿಮಳ ಅಷ್ಟಿಲ್ಲ. ಒಳಗೆ ಪೊಳ್ಳು, ಅದಕ್ಕೇ ನೀರಿನ ಮೇಲೆ ತೇಲುತ್ತದೆ. ಬಣ್ಣಕ್ಕೆಂದು ಒಂದು ಹಿಡಿ ಹಾಕಿದರೆ ಸಾಕು. ವಿಸ್ಕಾನ್ಸಿನ್ ರಾಜ್ಯದವರು ಈ ದೇಶದ ಅರ್ಧಕ್ಕಿಂತ ಹೆಚ್ಚು ಕ್ರ್ಯಾನ್‌ಬೆರಿ ಬೆಳೆಯುತ್ತಾರೆ, ಕೊಯ್ಲು ಮುಗಿದ ಈ ದಿನಗಳಲ್ಲಿ ಚೀಲಗಟ್ಟಲೆ ಸಿಗುತ್ತದೆ, ನಿಜ. ಅಂತ ಚೀಲವನ್ನೇ ನೀರಿಗೆ ಸುರಿಯುವುದೇ? ಗೊಜ್ಜು ಮಾಡಿ. ಹುಣಸೆಹಣ್ಣೇ ಬೇಕಾಗುವುದಿಲ್ಲ. ಮಿಕ್ಕಿದ್ದು ಫ್ರೀಜರ್‌ನಲ್ಲಿರಲಿ.

ಇಷ್ಟನ್ನೂ ಕಿತ್ತಳೆ ಇಲ್ಲದೆ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಿ. ಆ ಹೊತ್ತಿನಲ್ಲಿ ಒಲೆಯ ಹತ್ತಿರವೇ ಇರಬೇಕು, ಕೈಗೆ ಬೇರೆ ಕೆಲಸ ಇರಲಿ. ನಿಮ್ಮ ಕಾಫಿ ಫಿಲ್ಟರ್ ತೆಗೆದು ನೋಡಿ. ಡಿಕಾಕ್ಷನ್ ಇಳಿಯುತ್ತಿಲ್ಲ ಅಂತ ಹೊಸದು ಕೊಳ್ಳಲು ಹೊರಡುತ್ತೀರಿ, ಆದರೆ ತೂತುಗಳಲ್ಲಿ ಪುಡಿ ಕಟ್ಟಿಕೊಂಡಿರುತ್ತದೆ. ಮೇಲಿನ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ತಳವನ್ನು ಗ್ಯಾಸ್ ಉರಿಗೆ ಕಾಯಿಸಿ. ಪುಡಿ ಸುಟ್ಟು ಉದುರುತ್ತದೆ. ಆರಿದ ಮೇಲೆ ಬ್ರಷ್‌ನಲ್ಲಿ ಉಜ್ಜಿ, ಬೆಳಕಿಗೆ ಹಿಡಿದರೆ ಒಂದೊಂದು ತೂತೂ ಕಾಣಬೇಕು.

ಈಗ ಕಿತ್ತಳೆ. ಇಡೀ ಕೆಲಸದ ಜೀವ ಇರುವುದು ಇಲ್ಲೇ, ಎಲ್ಲರೂ ಕೆಡಿಸುವುದೂ ಇಲ್ಲೇ.

ನಾವು ಚಿಕ್ಕವರಿದ್ದಾಗ ಅಪ್ಪ ಮಡಿಕೇರಿ ಕಡೆಯಿಂದ ಬುಟ್ಟಿಯಲ್ಲಿ ಕೊಡಗಿನ ಕಿತ್ತಳೆ ತರುತ್ತಿದ್ದರು. ಸಿಪ್ಪೆ ಸಡಿಲ, ಹೆಬ್ಬೆರಳು ಹಾಕಿದರೆ ಬಿಚ್ಚಿಕೊಳ್ಳುತ್ತಿತ್ತು. ಅಮ್ಮ ಆ ಸಿಪ್ಪೆಯಲ್ಲೇ ಗೊಜ್ಜು ಮಾಡುತ್ತಿದ್ದರು. ನಾವು ಸಿಪ್ಪೆಯನ್ನು ಮಡಿಸಿ ಒಬ್ಬರ ಕಣ್ಣಿಗೊಬ್ಬರು ಚಿಮ್ಮಿಸಿ ಅಳುತ್ತಿದ್ದೆವು. ರಾತ್ರಿ ಕರೆಂಟು ಹೋದಾಗ ದೀಪದ ಮುಂದೆ ಸಿಪ್ಪೆ ಹಿಂಡಿದರೆ ಉರಿಯಲ್ಲಿ ಚಿಟಿಚಿಟಿ ಕಿಡಿ ಹಾರುತ್ತಿತ್ತು. ಅಮ್ಮ ಬಂದು ತಲೆಗೆ ಮೊಟಕುವವರೆಗೂ ಅದೇ ಆಟ. ಆ ಕಿಡಿ ಸಿಪ್ಪೆಯ ಎಣ್ಣೆಯದು. ಹೊರಗಿನ ಬಣ್ಣದ ತೊಗಲಿನಲ್ಲಿ ಸಣ್ಣ ಸಣ್ಣ ಗುಳಿ ಕಾಣುತ್ತದಲ್ಲ, ಪರಿಮಳವೆಲ್ಲ ಅಲ್ಲಿದೆ. ಒಳಗಿನ ಬಿಳಿಯಲ್ಲಿ ಕಹಿ ಬಿಟ್ಟರೆ ಏನೂ ಇಲ್ಲ. ಹಣ್ಣಿನ ತೊಳೆ ಬೆಂದರೆ ಹುಳಿ ವಾಸನೆ. ಬಿಲ್ಲೆ ಬಿಲ್ಲೆ ಹೆಚ್ಚಿ ಹಾಕಿದಾಗ ನೀವು ಕುದಿಸುತ್ತಿರುವುದು ಹೆಚ್ಚಾಗಿ ಆ ಎರಡನ್ನೇ.

ಇನ್ನೊಂದು ವಿಷಯ. ಚಕ್ಕೆ ಮರದ ತೊಗಟೆ, ಲವಂಗ ಒಣಗಿದ ಮೊಗ್ಗು. ಇವು ನೆನೆದು ಪರಿಮಳ ಬಿಡಲು ಹೊತ್ತು ಹಿಡಿಯುತ್ತದೆ. ಕಿತ್ತಳೆಯ ಎಣ್ಣೆ ಆವಿಯ ಜೊತೆ ನಿಮಿಷಗಳಲ್ಲಿ ಹಾರಿಹೋಗುತ್ತದೆ. ಒಟ್ಟಿಗೆ ಹಾಕಿದರೆ ಚಕ್ಕೆ ಕಣ್ಣು ಬಿಡುವ ಹೊತ್ತಿಗೆ ಕಿತ್ತಳೆ ಊರು ಬಿಟ್ಟಿರುತ್ತದೆ.

ಹಣ್ಣು ಗಟ್ಟಿಯಾಗಿರಲಿ, ಕೈಗೆ ಭಾರ ಅನ್ನಿಸಲಿ. ಇಲ್ಲಿಯ ಹಣ್ಣಿಗೆ ಮೇಣ ಸವರಿರುತ್ತಾರೆ. ಬಿಸಿ ನೀರಿನಲ್ಲಿ, ಅಂಗೈಯಲ್ಲಿ ಸ್ವಲ್ಪ ಉಪ್ಪು ಹಾಕಿಕೊಂಡು ತಿಕ್ಕಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ. ಆಲೂಗಡ್ಡೆ ಹೆರೆಯುವ ಪೀಲರ್ ತೆಗೆದುಕೊಂಡು ತೊಟ್ಟಿನ ಕಡೆಯಿಂದ ಶುರು ಮಾಡಿ. ಕೈ ಭಾರ ಹಾಕಬೇಡಿ. ಹಣ್ಣನ್ನೇ ತಿರುಗಿಸಿ, ಪೀಲರ್ ಇದ್ದಲ್ಲೇ ಇರಲಿ. ಬಂದ ಪಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಮಸುಕಾಗಿ ಕಾಣಬೇಕು. ಹಿಂದೆ ಬಿಳಿ ಅಂಟಿದ್ದರೆ ಪಟ್ಟಿಯನ್ನು ಮಣೆಯ ಮೇಲೆ ಬೋರಲು ಹಾಕಿ, ಚಾಕುವನ್ನು ಮಲಗಿಸಿ ಸವರಿ ತೆಗೆಯಿರಿ. ಹೌದು, ಇದಕ್ಕೆ ಹೊತ್ತು ಹಿಡಿಯುತ್ತದೆ. ಎರಡು ಹಣ್ಣಿಗೆ ಕಾಲು ಗಂಟೆ. ಆ ಕಾಲು ಗಂಟೆ ಕೊಡಲಾರದವರು ಅಂಗಡಿಯ ಮೇಣದಬತ್ತಿ ಹಚ್ಚಿಕೊಳ್ಳಲಿ.

ಹೆರೆದ ಪಟ್ಟಿಗಳನ್ನು ಮೂರು ಪಾಲು ಮಾಡಿ ಮುಚ್ಚಿಡಿ. ಜನ ಬರಲು ಕಾಲು ಗಂಟೆ ಇದೆ ಅನ್ನುವಾಗ ಒಲೆ ಆರಿಸಿ. ಗುಳ್ಳೆ ನಿಲ್ಲಲಿ. ಆಗ ಮೊದಲ ಪಾಲಿನ ಒಂದೊಂದು ಪಟ್ಟಿಯನ್ನೂ, ಬಣ್ಣದ ಮೈ ಕೆಳಗಿರುವಂತೆ ಮಡಿಸಿ, ಪಾತ್ರೆಯ ಮೇಲೆ ಹಿಡಿದು ಹಿಂಡಿ. ಎಣ್ಣೆ ಮಂಜಿನ ಹಾಗೆ ಬಿಸಿ ನೀರಿಗೆ ಬೀಳುವುದು ಕಾಣುತ್ತದೆ. ಹಿಂಡಿದ ಪಟ್ಟಿಯನ್ನು ಅದರಲ್ಲೇ ಬಿಡಿ. ಗ್ಯಾಸ್ ಉರಿಯುತ್ತಿರುವಾಗ ಹಿಂಡಬೇಡಿ, ಆ ದೀಪದ ಕಿಡಿ ನಾನು ಸುಮ್ನೆ ಹೇಳಿದ್ದಲ್ಲ. ಐದು ನಿಮಿಷ ಬಿಟ್ಟು ಮತ್ತೆ ಅತಿ ಸಣ್ಣ ಉರಿ ಹಚ್ಚಿ. ಬಾಗಿಲು ತೆಗೆದವರು ಮೊದಲು ಕಿತ್ತಳೆಯ ಪರಿಮಳದೊಳಗೆ ಬರುತ್ತಾರೆ, ಬೂಟು ಬಿಚ್ಚಿ ಕೂರುವಾಗ ಚಕ್ಕೆ ಲವಂಗ ಮೆಲ್ಲಗೆ ಹಿಂದಿನಿಂದ ಬರುತ್ತದೆ. ಒಂದು ಗಂಟೆಯ ಮೇಲೆ ಎರಡನೇ ಪಾಲು, ಊಟ ಮುಗಿದು ಎಲೆ ಅಡಿಕೆ ಹೊತ್ತಿಗೆ ಮೂರನೆಯದು. ಪ್ರತಿ ಸಲವೂ ಒಲೆ ಆರಿಸಿಯೇ. ಸೇಬಿನ ಸಿಪ್ಪೆ ಇದ್ದರೆ ಎರಡನೇ ಪಾಲಿನ ಜೊತೆ ಹಾಕಿ. ರೋಸ್‌ಮೆರಿ ಬೇಕಾದರೆ ಬೆರಳುದ್ದದ ಒಂದು ಕಡ್ಡಿ ಸಾಕು, ಜಾಸ್ತಿ ಆದರೆ ನೋವಿನ ಮುಲಾಮು ಹಚ್ಚಿಕೊಂಡ ಹಾಗೆ ಮೂಗಿಗೆ ಬಡಿಯುತ್ತದೆ.

ನೀರು ಇಳಿದಂತೆ ಬಿಸಿ ನೀರನ್ನೇ ಸೇರಿಸಿ. ಅರ್ಧಕ್ಕಿಂತ ಕೆಳಗೆ ಹೋಗಲು ಬಿಡಬೇಡಿ. ಮನೆಯಿಂದ ಹೊರಗೆ ಹೋಗುವುದಿದ್ದರೆ ಒಲೆ ಆರಿಸಿಯೇ ಹೋಗಬೇಕು, ಎರಡು ನಿಮಿಷದ ಕೆಲಸವಾದರೂ ಸರಿ. ನಮ್ಮ ಹುಡುಗಿಯೊಬ್ಬಳು ಕ್ರಿಸ್ಮಸ್ ಹಿಂದಿನ ದಿನ ಹಾಗೇ ಬಿಟ್ಟು ಅಂಗಡಿಗೆ ಹೋದಳು. ನೀರು ಆರಿ, ಪಾತ್ರೆ ಕರಕಲಾಗಿ, ಮನೆ ತುಂಬ ಹೊಗೆ, ಅಲಾರಂ ಹೊಡೆದುಕೊಳ್ಳುತ್ತಿತ್ತು. ಒಳಗೆ ಮಗು ಮಲಗಿತ್ತು, ಅದರಪ್ಪ ಮಹಡಿಯ ಮೇಲಿದ್ದ, ಓಡಿ ಬಂದ. ಈಗಲೂ ನೆನೆಸಿಕೊಂಡರೆ ನನಗೆ ಎದೆ ನಡುಗುತ್ತದೆ. ಪಾತ್ರೆಯ ಹಿಡಿ ಗೋಡೆ ಕಡೆ ತಿರುಗಿರಲಿ, ಹಿಂದಿನ ಬರ್ನರ್ ಮೇಲೇ ಇರಲಿ. ಬಣ್ಣ ಚೆನ್ನಾಗಿದೆ ಅಂತ ಆ ನೀರನ್ನು ಯಾರೂ ಕುಡಿಯಬಾರದು.

ರಾತ್ರಿ ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಚಕ್ಕೆ ಲವಂಗ ಮಾರನೇ ದಿನಕ್ಕೂ ಬರುತ್ತದೆ. ಹಳೇ ಸಿಪ್ಪೆ ತೆಗೆದುಹಾಕಿ ಹೊಸದು ಹೆರೆದು ಹಾಕಿ. ಮೂರನೇ ದಿನ ಎಲ್ಲ ಚೆಲ್ಲಿಬಿಡಿ. ಮತ್ತೆ ಆ ಸಿಪ್ಪೆ ಹೆರೆದ ಎರಡು ಹಣ್ಣು ಮೇಜಿನ ಮೇಲೆ ಹಾಗೇ ಉಳಿದಿರುತ್ತವೆ ನೋಡಿ. ಹೊರಗಿನ ತೊಗಲು ಇಲ್ಲದ ಹಣ್ಣು ಬೇಗ ಬತ್ತುತ್ತದೆ. ಬಿಳಿ ಬಿಡಿಸಿ, ತೊಳೆ ಮಾಡಿ, ಅವತ್ತೇ ಮಕ್ಕಳ ಕೈಗೆ ಕೊಡಿ.