ನೆಲದ ಮೇಲಿನ ಶಿಲ್ಪ: ಇಬ್ಬರು ಕಲಾವಿದರನ್ನು ಹೋಲಿಸುವ ಬಗೆ

‘ನಿಸರ್ಗಪ್ರೇಮಿ ಶಿಲ್ಪಿ’ ಎಂಬ ಮಾತನ್ನು ಮೊದಲು ಬದಿಗಿಡಿ. ಎಲೆ, ಹಿಮ, ಮುಳ್ಳು ಜೋಡಿಸುವ ಆಂಡಿ ಗೋಲ್ಡ್ಸ್‌ವರ್ದಿಗೂ ಅದೇ ಹಣೆಪಟ್ಟಿ, 1969ರಲ್ಲಿ ನೆವಾಡಾದ ಗುಡ್ಡದಂಚಿನಿಂದ ಸುಮಾರು 2,40,000 ಟನ್ ಕಲ್ಲುಮಣ್ಣು ತೆಗೆಸಿ ‘ಡಬಲ್ ನೆಗೆಟಿವ್’ ಎಂಬ ದೈತ್ಯ ಕಂದಕ ಮಾಡಿದ ಮೈಕೆಲ್ ಹೈಜರ್‌ಗೂ ಅದೇ ಹಣೆಪಟ್ಟಿ ಅಂಟಿಸಿದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಬದಲಿಗೆ ಪ್ರತಿ ಕೃತಿಗೂ ಮೂರು ಪ್ರಶ್ನೆ ಕೇಳಿ: ಕಲಾವಿದರು ಆ ಜಾಗದಿಂದ ಏನು ತೆಗೆದುಕೊಂಡರು? ಅಲ್ಲಿ ಏನು ಬಿಟ್ಟುಹೋದರು? ಆಮೇಲೆ ಆ ಜಾಗ ಕೃತಿಯನ್ನು ಏನು ಮಾಡಿತು? ಹೆಚ್ಚಿನವರು ಎರಡನೆಯದಕ್ಕೇ ನಿಂತುಬಿಡುತ್ತಾರೆ. ಕೆಲಸ ಇರುವುದು ಮೂರನೆಯದರಲ್ಲಿ.

ಜೋಡಿ ಆರಿಸುವಾಗ ಒಂದು ಅಂಶ ಇಬ್ಬರಲ್ಲೂ ಒಂದೇ ಆಗಿರಲಿ: ಒಂದೇ ವಸ್ತು, ಒಂದೇ ಬಗೆಯ ನೆಲ, ಇಲ್ಲವೇ ಒಂದೇ ಕ್ರಿಯೆ. ಆಗ ವ್ಯತ್ಯಾಸ ತಾನಾಗಿ ಎದ್ದು ಕಾಣುತ್ತದೆ.

ಶುರುಮಾಡಲು ಒಳ್ಳೆಯ ಜೋಡಿ ಇದು. 1967ರಲ್ಲಿ ರಿಚರ್ಡ್ ಲಾಂಗ್ ಇಂಗ್ಲೆಂಡಿನ ಒಂದು ಹುಲ್ಲುಬಯಲಿನಲ್ಲಿ ನೇರ ದಾರಿ ಹಿಡಿದು ಹಿಂದಕ್ಕೂ ಮುಂದಕ್ಕೂ ನಡೆದರು. ತುಳಿತಕ್ಕೆ ಬಾಗಿದ ಹುಲ್ಲಿನ ಮೇಲೆ ಬೆಳಕು ಬಿದ್ದು ಗೆರೆ ಕಾಣಿಸಿದಾಗ ಫೋಟೊ ತೆಗೆದರು. ಗೋಲ್ಡ್ಸ್‌ವರ್ದಿ ಮಳೆ ಶುರುವಾಗುವ ಹೊತ್ತಿಗೆ ನೆಲದ ಮೇಲೆ ಮಲಗುತ್ತಾರೆ, ಸುತ್ತ ನೆಲ ನೆನೆದ ಮೇಲೆ ಏಳುತ್ತಾರೆ. ನೆನೆಯದ ಮೈಯಾಕಾರ ಅಲ್ಲಿ ಉಳಿದಿರುತ್ತದೆ, ಮಳೆ ಮುಂದುವರಿದರೆ ಅದೂ ಅಳಿಸಿಹೋಗುತ್ತದೆ. ಇಬ್ಬರೂ ಮೈಯ ಗುರುತು ಬಿಟ್ಟವರೇ, ಇಬ್ಬರೂ ಅದನ್ನು ಫೋಟೊದಲ್ಲಿ ಉಳಿಸಿಕೊಂಡವರೇ. ಆದರೆ ಲಾಂಗ್ ಗೆರೆಯನ್ನು ಎಳೆದದ್ದು ಕಾಲು. ಗೋಲ್ಡ್ಸ್‌ವರ್ದಿ ಆಕಾರವನ್ನು ಬರೆದದ್ದು ಮಳೆ. ಅವರು ಬರೀ ಅಡ್ಡ ಬಂದರು, ಅಷ್ಟೆ.

ಇಲ್ಲಿಂದ ಸಿಗುವ ಉಪಾಯ: ಪ್ರತಿ ಕೃತಿಯ ಕ್ರಿಯಾಪದಗಳನ್ನು ಎರಡು ಸಾಲಾಗಿ ಬರೆಯಿರಿ. ಒಂದರಲ್ಲಿ ಕಲಾವಿದ ಮಾಡಿದ್ದು, ಇನ್ನೊಂದರಲ್ಲಿ ನಿಸರ್ಗ ಮಾಡಿದ್ದು. ಯಾವ ಸಾಲು ಉದ್ದವಾಯಿತು ಎಂದು ನೋಡಿ. ‘ಸಂವಾದಿಸಿದರು’, ‘ಬೆಸೆದರು’ ಎಂಬಂಥ ಪದಗಳಿಗೆ ಇಲ್ಲಿ ಜಾಗವಿಲ್ಲ. ಕಡಿದರು, ಬಾಗಿಸಿದರು, ಸುರಿದರು, ಕೊಚ್ಚಿಕೊಂಡು ಹೋಯಿತು ಎಂಬಂಥವು ಬೇಕು.

ಮುಂದಿನ ಹೆಜ್ಜೆ ಕಾಲದ್ದು. ಒಂದೇ ಫೋಟೊ ನೋಡಿ ಹೋಲಿಸಬೇಡಿ. ಕನಿಷ್ಠ ಮೂರು ಬೇರೆ ಬೇರೆ ವರ್ಷಗಳ ಸ್ಥಿತಿ ಹುಡುಕಿ. ರಾಬರ್ಟ್ ಸ್ಮಿತ್‌ಸನ್ 1970ರಲ್ಲಿ ಯೂಟಾದ ಗ್ರೇಟ್ ಸಾಲ್ಟ್ ಲೇಕಿನಲ್ಲಿ ಟಿಪ್ಪರ್ ಲಾರಿಗಳಿಂದ 6,000 ಟನ್ನಿಗೂ ಹೆಚ್ಚು ಕಪ್ಪು ಬಸಾಲ್ಟ್ ಕಲ್ಲು, ಮಣ್ಣು ಸುರಿಸಿ ‘ಸ್ಪೈರಲ್ ಜೆಟ್ಟಿ’ ಎಂಬ ಸುರುಳಿಯಾಕಾರದ ಕಟ್ಟೆ ಕಟ್ಟಿಸಿದಾಗ ನೀರಿನ ಮಟ್ಟ ಇಳಿದಿತ್ತು. ಕೆಲವೇ ವರ್ಷಗಳಲ್ಲಿ ಮುಳುಗಿತು, ದಶಕಗಳ ನಂತರ ಉಪ್ಪು ಮೆತ್ತಿಕೊಂಡು ಬೆಳ್ಳಗೆ ಮೇಲೆದ್ದಿತು. ಕಪ್ಪು ಸುರುಳಿಯ ಫೋಟೊ ಒಂದನ್ನೇ ನೋಡಿದವರಿಗೆ ಸರೋವರದ ಪಾಲು ಗೊತ್ತೇ ಆಗುವುದಿಲ್ಲ.

ಡೇವಿಡ್ ನ್ಯಾಶ್ ಅವರ ಒಂದು ಕೃತಿಯನ್ನು ಅವರದೇ ಇನ್ನೊಂದು ಕೃತಿಯ ಜತೆ ಹೋಲಿಸುವುದು ಇನ್ನೂ ಲಾಭದಾಯಕ. 1977ರಲ್ಲಿ ವೇಲ್ಸ್‌ನಲ್ಲಿ 22 ಆಶ್ ಸಸಿಗಳನ್ನು ವೃತ್ತಾಕಾರದಲ್ಲಿ ನೆಟ್ಟು, ದಶಕಗಳ ಕಾಲ ಕಚ್ಚು ಹಾಕಿ, ಬಾಗಿಸಿ, ಸವರಿ ಗುಮ್ಮಟದ ಆಕಾರಕ್ಕೆ ತಂದರು. ಮರುವರ್ಷ ಓಕ್ ಮರದ ದೊಡ್ಡ ಗುಂಡೊಂದನ್ನು ತೊರೆಯಲ್ಲಿ ಸಾಗಿಸಲು ಹೋದಾಗ ಅದು ಸಿಕ್ಕಿಹಾಕಿಕೊಂಡಿತು. ತೆಗೆಯದೆ ಅಲ್ಲೇ ಬಿಟ್ಟರು. ಪ್ರವಾಹ ಬಂದಾಗಲೆಲ್ಲ ಅದು ಒಂದಿಷ್ಟು ಜರುಗಿ, ಸುಮಾರು 25 ವರ್ಷಗಳ ಮೇಲೆ ನದಿಯ ಅಳಿವೆ ಮುಟ್ಟಿತು. ಒಬ್ಬನೇ ಮನುಷ್ಯ, ಎರಡೂ ಮರ. ಒಂದರಲ್ಲಿ ಕೈ ಬಿಡದ ತೋಟಗಾರ, ಇನ್ನೊಂದರಲ್ಲಿ ಬರೀ ನೋಡುಗ. ಗುಮ್ಮಟದ ಮರಗಳಿಗೆ ಆಮೇಲೆ ಶಿಲೀಂಧ್ರ ರೋಗ ತಗುಲಿತು. ಕ್ರಿಯಾಪದಗಳ ಎರಡನೆಯ ಸಾಲಿಗೆ ಅದನ್ನೂ ಸೇರಿಸಿ.

ಅಳತೆಯಲ್ಲಿ ಎಡವುವುದು ಸಾಮಾನ್ಯ, ಪುಸ್ತಕದ ಪುಟದಲ್ಲಿ ಎಲ್ಲ ಕೃತಿಗಳೂ ಒಂದೇ ಗಾತ್ರ. 5 ಮೀಟರ್‌ಗೆ 1 ಸೆಂ.ಮೀ. ಲೆಕ್ಕ ಹಿಡಿದು ಗೆರೆ ಎಳೆಯಿರಿ. ಆಂಟನಿ ಗಾರ್ಮ್ಲಿಯ ‘ಏಂಜೆಲ್ ಆಫ್ ದ ನಾರ್ತ್’ ಎಂಬ ರೆಕ್ಕೆ ಚಾಚಿದ ಉಕ್ಕಿನ ಶಿಲ್ಪ 20 ಮೀಟರ್ ಎತ್ತರ, ಅಂದರೆ 4 ಸೆಂ.ಮೀ.; 54 ಮೀಟರ್ ರೆಕ್ಕೆ 10.8 ಸೆಂ.ಮೀ. ಬಿಚ್ಚಿ ನೇರಮಾಡಿದ ‘ಸ್ಪೈರಲ್ ಜೆಟ್ಟಿ’ ಸುಮಾರು 457 ಮೀಟರ್. ಅದಕ್ಕೆ 91 ಸೆಂ.ಮೀ. ಕಾಗದ ಬೇಕು. ಒಂದನ್ನು ದೂರದಿಂದಲೇ ನೋಡಿ ಮುಗಿಸಬಹುದು, ಇನ್ನೊಂದನ್ನು ನಡೆದೇ ತಿಳಿಯಬೇಕು ಎಂಬುದು ಆಗ ಕಣ್ಣಿಗೆ ಹೊಡೆಯುತ್ತದೆ.

ಕಾರ್ಖಾನೆಯ ವಸ್ತು ಕಂಡೊಡನೆ ‘ನಿಸರ್ಗಕ್ಕೆ ದೂರ’ ಎಂದು ತೀರ್ಮಾನಿಸಬೇಡಿ. ವಾಲ್ಟರ್ ಡಿ ಮರಿಯಾ 1977ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ನಿಲ್ಲಿಸಿದ 400 ಸ್ಟೀಲ್ ಕಂಬಗಳ ಉದ್ದ ಒಂದೇ ಸಮ ಇಲ್ಲ, ತುದಿಗಳು ಮಾತ್ರ ಒಂದೇ ಮಟ್ಟದಲ್ಲಿವೆ. ಹೀಗಾಗಿ ನೆಲದ ಏರಿಳಿತವನ್ನು ಕಂಬಗಳೇ ಅಳೆದು ತೋರಿಸುತ್ತವೆ. ಹೆಸರು ‘ದ ಲೈಟ್ನಿಂಗ್ ಫೀಲ್ಡ್’ ಆದರೂ ಸಿಡಿಲಿಗಾಗಿ ಕಾದವರಿಗೆ ಬಹುಪಾಲು ನಿರಾಶೆಯೇ. ಇದರ ಪಕ್ಕಕ್ಕೆ ನ್ಯಾನ್ಸಿ ಹೋಲ್ಟ್ ಅವರ ‘ಸನ್ ಟನಲ್ಸ್’ (1973–76) ಇಡಿ: ಅಯನ ಸಂಕ್ರಾಂತಿಗಳಂದು, ಅಂದರೆ ವರ್ಷದ ಅತಿ ದೀರ್ಘ ಮತ್ತು ಅತಿ ಚಿಕ್ಕ ಹಗಲಿನ ದಿನಗಳ ಸುಮಾರಿಗೆ, ನಾಲ್ಕು ಕಾಂಕ್ರೀಟ್ ಕೊಳವೆಗಳು ಹುಟ್ಟುವ, ಮುಳುಗುವ ಸೂರ್ಯನನ್ನು ಚೌಕಟ್ಟಿನಲ್ಲಿ ಹಿಡಿಯುತ್ತವೆ. ಎರಡೂ ಮರುಭೂಮಿಯವೇ. ಒಂದು ನೆಲ ಅಳೆಯುತ್ತದೆ, ಇನ್ನೊಂದು ದಿನ ಎಣಿಸುತ್ತದೆ.

ಬರೆದು ಮುಗಿದ ಮೇಲೆ ಕಲಾವಿದರ ಹೆಸರುಗಳನ್ನು ಅದಲುಬದಲು ಮಾಡಿ ಓದಿ. ‘ಇವರು ಕಾಲದ ಕ್ಷಣಿಕತೆಯನ್ನು ಶೋಧಿಸುತ್ತಾರೆ’ ಎಂಬ ವಾಕ್ಯ ಯಾರ ಹೆಸರಿಗೂ ಹೊಂದುತ್ತದೆ, ಹೊಡೆದುಹಾಕಿ. ‘ತೊರೆಯಲ್ಲಿ ಸಿಕ್ಕಿಕೊಂಡದ್ದನ್ನು ತೆಗೆಯದೆ ಬಿಟ್ಟರು’ ಎಂಬುದು ನ್ಯಾಶ್‌ಗೆ ಬಿಟ್ಟರೆ ಇಲ್ಲಿ ಬೇರೆ ಯಾರಿಗೂ ಸಲ್ಲದು. ಅದನ್ನು ಉಳಿಸಿಕೊಳ್ಳಿ.