ನಿರ್ಧಾರ ಮಗಳದ್ದು ಅಂತ ಬರೆದಿಟ್ಟೆ

ಶ್ವಾಸಕೋಶದ ಕ್ಯಾನ್ಸರ್ ಮೂಳೆಗೂ ಹಬ್ಬಿದೆ ಅಂತ ಗೊತ್ತಾದ ದಿನ ಡಾಕ್ಟರು, "ಇನ್ನು ತಿಂಗಳುಗಳ ಮಾತು" ಎಂದರು. ಮನೆಗೆ ಬಂದಮೇಲೆ ನಾಟಕ ಶುರುವಾಯಿತು. ಹೆಂಡತಿ ನನ್ನೆದುರು ನಗುತ್ತಿದ್ದಳು, ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅಳುತ್ತಿದ್ದಳು. ನಾನೂ ಕಮ್ಮಿಯಿಲ್ಲ, "ಇವತ್ತು ಪರವಾಗಿಲ್ಲ" ಅಂತ ದಿನಾ ಸುಳ್ಳು. 3 ವಾರ ಸುಮ್ನೆ ದಂಡವಾಯಿತು.

ಒಂದು ರಾತ್ರಿ ಮಗಳು ಪಕ್ಕದಲ್ಲಿ ಕೂತು, "ಅಪ್ಪಾ, ನಿಂಗೆ ಯಾವುದಕ್ಕೆ ಜಾಸ್ತಿ ಭಯ?" ಎಂದಳು. ಸಾವಿಗೆ ಅಂದುಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ: "ಉಸಿರಿಗೆ ಒದ್ದಾಡೋದಕ್ಕೆ." ಅವಳು ಅದನ್ನೇ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು-ಸಂಕಟ ಇಳಿಸಿ ನೋಡಿಕೊಳ್ಳುವ ಆರೈಕೆಯ ಡಾಕ್ಟರ ಮುಂದಿಟ್ಟಳು. ಮಾರ್ಫಿನ್ ಬರೀ ನೋವಿಗಲ್ಲ, ಸಣ್ಣ ಡೋಸಿನಲ್ಲಿ ಏದುಸಿರಿನ ಸಂಕಟವನ್ನೂ ಇಳಿಸುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಮುಖಕ್ಕೆ ಗಾಳಿ ಬೀಸುವ ಪುಟ್ಟ ಫ್ಯಾನ್ ಕೂಡ ಆಗುತ್ತದೆ. ನನ್ನದು ಈಗ ದಿಂಬಿನ ಪಕ್ಕದಲ್ಲೇ ಇದೆ.

ಮಾರ್ಫಿನ್ ಮಾತ್ರೆ ವಿಷಯದಲ್ಲಿ ಮೊದಲು ತಪ್ಪು ಮಾಡಿದೆ. ಚಟ ಹತ್ತೀತು ಅಂತ ನೋವು ತಡೆಯಲಾಗದಷ್ಟು ಆದಮೇಲೆ ನುಂಗುತ್ತಿದ್ದೆ. ಈಗ 4 ಗಂಟೆಗೊಮ್ಮೆ, ಗಡಿಯಾರ ನೋಡಿಕೊಂಡು. ಜೊತೆಗೆ ಅದರಿಂದಾಗುವ ಮಲಬದ್ಧತೆಗೆ ಔಷಧಿ ತಪ್ಪಿಸೋ ಹಾಗಿಲ್ಲ. ಯಾರೂ ಬರೆಯದ ಸಂಕಟ ಅದು, ನನ್ನನ್ನು ಕೇಳಿ!

ಆಮೇಲೆ ಒಂದು ಹಾಳೆ ಬರೆದೆವು. ವೆಂಟಿಲೇಟರ್ ಬೇಡ. ಹೃದಯ ನಿಂತರೆ ಎದೆ ಒತ್ತೋದು ಬೇಡ. ಆದಷ್ಟೂ ಮನೆಯಲ್ಲೇ ಇರಬೇಕು. ನನಗೆ ಮಾತು ನಿಂತಮೇಲೆ ನಿರ್ಧಾರ ಮಗಳದ್ದು. ಹೆಂಡತಿ ಆ ಸಾಲಿಗೆ ಬಂದು ನಿಂತಳು. "ಯಾಕೆ, ನಾನಿಲ್ವಾ?"

"ನೀನು ನನ್ನನ್ನ ಬಿಡೋದಿಲ್ಲ. ಅದಕ್ಕೇ."

ಆ ಸಂಜೆಯೆಲ್ಲ ಮಾತಿಲ್ಲ. ಬೆಳಿಗ್ಗೆ ನೋಡಿದರೆ ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಫೈಲಿನ ಮೇಲುಗಡೆಯೇ ಇಟ್ಟಿದ್ದಳು.

ಬ್ಯಾಂಕು, ವಿಮೆ, ಪಾಸ್‌ವರ್ಡ್ ಎಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಊಟದ ಜಗಳ ಮಾತ್ರ ಬೇಗ ಮುಗಿಯಲಿಲ್ಲ. "ಇನ್ನೊಂದು ತುತ್ತು" ಅಂತ ಹೆಂಡತಿ, "ಸಾಕು" ಅಂತ ನಾನು. ಕೊನೆಗೆ ಮನೆಗೆ ಬರುವ ನರ್ಸ್ ಅವಳನ್ನು ಕೂರಿಸಿಕೊಂಡು ಹೇಳಿದರು: "ತಿನ್ನದೇ ಇದ್ದದ್ದಕ್ಕೆ ಕಾಯಿಲೆ ಜಾಸ್ತಿಯಾಗಿಲ್ಲಮ್ಮ. ಕಾಯಿಲೆ ಜಾಸ್ತಿಯಾಗಿ ತಿನ್ನೋಕಾಗ್ತಿಲ್ಲ." ಈಗ ಅವಳು ಒದ್ದೆ ಹತ್ತಿಯಿಂದ ನನ್ನ ತುಟಿ ಒರೆಸುತ್ತಾಳೆ. ಆ ತಂಪು ಎಷ್ಟು ಹಿತ ಅಂತ ಹೇಳಿದರೆ ನಂಬೋದಿಲ್ಲ.

ಕೊನೆ ಗಂಟೆಗಳು ಹೇಗಿರುತ್ತವೆ ಅಂತಲೂ ನರ್ಸನ್ನು ಕೇಳಿದೆವು. ಕೈಕಾಲು ತಣ್ಣಗಾಗುತ್ತವೆ. ಉಸಿರು ನಿಂತು ನಿಂತು ಬರುತ್ತದೆ. ಗಂಟಲಲ್ಲಿ ಗೊರಗೊರ ಸದ್ದಾಗಬಹುದು, ಅದು ಕೇಳುವವರಿಗೇ ಹೆಚ್ಚು ಕಷ್ಟವಂತೆ. "ಮಾತಾಡ್ತಾ ಇರಿ, ಅವರಿಗೆ ಕೇಳಿಸ್ತಿರಬಹುದು" ಎಂದರು.

ಅವತ್ತಿನಿಂದ, "ಆಗ ನಾನು ಏನು ಮಾತಾಡಲಿ?" ಅಂತ ಹೆಂಡತಿ ನನ್ನನ್ನೇ ಕೇಳುತ್ತಿದ್ದಾಳೆ. ದಿನಾ ಬೈಯೋ ಹಾಗೇ ಬೈಯಿ, ನೀನೇ ಅಂತ ಗುರುತು ಸಿಗುತ್ತೆ ಅಂದಿದ್ದೇನೆ.