ಮಾನಿಟರ್‌ನಲ್ಲಿ ವಿಡಿಯೋ ಮಸುಕಾ? ನೆಟ್ ಪ್ಲಾನ್ ಬದಲಿಸುವ ಮುಂಚೆ ಕೇಬಲ್ ನೋಡಿ

ವಿಡಿಯೋ ಮಸುಕಾಗಿ ಬಂದರೆ ನಮ್ಮ ಬಿಲ್ಡಿಂಗ್‌ನವರು ಮೊದಲು ನೆಟ್‌ನವರನ್ನು ಬೈಯುತ್ತಾರೆ. ಆಮೇಲೆ ದುಬಾರಿ ಪ್ಲಾನ್ ಹಾಕಿಸುತ್ತಾರೆ. ಅದೂ ಆದಮೇಲೆ ನನ್ನ ಬಾಗಿಲು ತಟ್ಟುತ್ತಾರೆ. ಬೆಂಗಳೂರು ವಿಜಯನಗರದ ಈ ಮೂರು ಮಹಡಿಗೆ ಕಂಪ್ಯೂಟರ್ ರಿಪೇರಿಯವಳು ನಾನೇ, ಸಂಬಳ ಇಲ್ಲ ಅಷ್ಟೇ. ನಾನು ನೋಡಿದ ಮಟ್ಟಿಗೆ ತಪ್ಪು ನೆಟ್‌ನದ್ದಾಗಿರುವುದು ಕಡಿಮೆ. ಫುಲ್ ಎಚ್‌ಡಿಗೆ (ಅಂದರೆ 1080ಕ್ಕೆ) 5 ಎಂಬಿಪಿಎಸ್ ಸ್ಪೀಡ್, ಅದಕ್ಕಿಂತ ಸ್ಪಷ್ಟವಾದ 4ಕೆಗೆ 15 ಇದ್ದರೆ ಸಾಕು ಅಂತ ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ. 100 ಎಂಬಿಪಿಎಸ್ ಪ್ಲಾನ್ ಬಿಟ್ಟು 300ಕ್ಕೆ ಹೋಗಿ ಏನು ಮಾಡುವುದು?

ಮೊದಲು ಏನು ಬರುತ್ತಿದೆ ಅಂತ ನೋಡಿ. ಯೂಟ್ಯೂಬ್ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಒತ್ತಿ. ಎಷ್ಟು ರೆಸಲ್ಯೂಷನ್, ಅಂದರೆ ಚಿತ್ರದಲ್ಲಿ ಎಷ್ಟು ಚುಕ್ಕೆ, ಅಂತ ಅಲ್ಲೇ ಕಾಣುತ್ತದೆ. 640x360 ಇದ್ದರೆ ಗೇರ್ ಗುರುತಿನಲ್ಲಿ ನೀವೇ 1080 ಆರಿಸಿ. 'ಆಟೋ' ಎನ್ನುವುದು ಕಿಟಕಿ ಚಿಕ್ಕದಿದ್ದರೆ ಕ್ವಾಲಿಟಿಯನ್ನೂ ಇಳಿಸಿಬಿಡುತ್ತದೆ. 1080 ಬರುತ್ತಿದ್ದರೂ ಅದೇ ಪಟ್ಟಿಯಲ್ಲಿ ಡ್ರಾಪ್ಡ್ ಫ್ರೇಮ್ಸ್ (ತೋರಿಸಲಾಗದೆ ಬಿಟ್ಟ ಚಿತ್ರಗಳ ಲೆಕ್ಕ) ಏರುತ್ತಲೇ ಇದ್ದರೆ ತೊಂದರೆ ಕಂಪ್ಯೂಟರ್‌ನದು. ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಷನ್ (ವಿಡಿಯೋ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವುದು) ಆನ್ ಇದೆಯಾ ನೋಡಿ. ನೆಟ್‌ಫ್ಲಿಕ್ಸ್‌ನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್, ಡಿ ಒಟ್ಟಿಗೆ ಒತ್ತಿದರೆ ಇಂಥದೇ ಪಟ್ಟಿ ಬರುತ್ತದೆ. ಅಲ್ಲಿ ಬೇಸಿಕ್ ಪ್ಲಾನ್ ಅಂದರೆ 720 ಅಷ್ಟೇ, ಏನು ಮಾಡಿದರೂ ಮೇಲೆ ಹೋಗಲ್ಲ.

ಒಳ್ಳೆ ರೆಸಲ್ಯೂಷನ್ ಬರುತ್ತಿದ್ದೂ ಮಸುಕಾಗಿದ್ದರೆ ಮಾನಿಟರ್ ಹಿಂದೆ ಬಗ್ಗಿ ನೋಡಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ನಲ್ಲಿ ಆಫೀಸುಗಳು ಬಿಟ್ಟ ಸೆಕೆಂಡ್ ಹ್ಯಾಂಡ್ ಮಾನಿಟರ್ ಚೌಕಾಸಿ ಮಾಡಿ ತಂದಿರುತ್ತೀರಿ, ಅಲ್ವಾ? ಮಾನಿಟರ್ ಪರವಾಗಿಲ್ಲ. ಜೊತೆಗೆ ಸುಮ್ನೆ ಕೊಟ್ಟ ನೀಲಿ ತಲೆಯ ವಿಜಿಎ ಕೇಬಲ್ಲೇ ಶನಿ. ಅದು ಅನಲಾಗ್, ಡಿಜಿಟಲ್ ಅಲ್ಲದ ಹಳೇ ಪದ್ಧತಿ. ಅಕ್ಷರದ ಅಂಚು ಕರಗಿದ ಹಾಗೆ ಕಾಣುತ್ತದೆ. ಅದಕ್ಕಿಂತ ದೊಡ್ಡ ಕಾಟ ಎಚ್‌ಡಿಸಿಪಿ, ಅಂದರೆ ಸಿನಿಮಾ ಕಾಪಿ ಮಾಡದಂತೆ ಹಾಕಿರುವ ಬೀಗ. ವಿಜಿಎ ಕೇಬಲ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ. ಆಗ ನೆಟ್‌ಫ್ಲಿಕ್ಸ್‌ನಂಥ ಓಟಿಟಿಗಳಲ್ಲಿ ಕೆಲವು ಕ್ವಾಲಿಟಿ ಇಳಿಸುತ್ತವೆ, ಕೆಲವು ಕಪ್ಪು ಪರದೆ ತೋರಿಸುತ್ತವೆ. ಯೂಟ್ಯೂಬ್ ಚೆನ್ನಾಗಿ ಬಂದು ಓಟಿಟಿ ಮಾತ್ರ ಕೆಟ್ಟರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಎಚ್‌ಡಿಎಂಐ ಕಿಂಡಿ ಇದ್ದರೆ ಅದನ್ನೇ ಬಳಸಿ. ಇಲ್ಲದೆ ಬರೀ ಡಿವಿಐ (ಹಳೇ ಮಾನಿಟರ್‌ಗಳ ಅಗಲ ಕಿಂಡಿ) ಇದ್ದರೆ ಎಚ್‌ಡಿಎಂಐ-ಡಿವಿಐ ಕೇಬಲ್ ಕೇಳಿ. ಅಂಗಡಿಯವನು ವಿಜಿಎ ಕನ್ವರ್ಟರ್ ಮುಂದಿಟ್ಟರೆ ಬೇಡ ಅನ್ನಿ. ಹಳೇ ಡಿವಿಐ ಮಾನಿಟರ್‌ಗಳಲ್ಲಿ ಕೆಲವಕ್ಕೆ ಎಚ್‌ಡಿಸಿಪಿ ಇರುವುದಿಲ್ಲ, ಹಾಗಾಗಿ ಅಂಗಡಿಯಲ್ಲೇ ಹಚ್ಚಿ ನೋಡುವುದು ವಾಸಿ. ಇನ್ನು ಲ್ಯಾಪ್‌ಟಾಪ್‌ಗೆ ಎರಡು ಮಾನಿಟರ್ ಹಾಕಿದವರಿಗೆ ಒಂದು ಮಾತು: ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಬೇಕಾದರೆ ಹಾಕಿದ ಪ್ರತಿ ಮಾನಿಟರೂ 4ಕೆ ಆಗಿರಬೇಕು, ಎಚ್‌ಡಿಸಿಪಿ 2.2 ಇರಬೇಕು. ಹಳೆಯದರ ಕೇಬಲ್ ಕಿತ್ತು ನೋಡಿ. 4ಕೆಗೆ ಕ್ರೋಮ್ ಬಿಟ್ಟು ಎಡ್ಜ್ ಬ್ರೌಸರ್ ತೆರೆಯಿರಿ.

ಕೇಬಲ್ ಬದಲಿಸಿದ ಮೇಲೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ 'ರೆಕಮೆಂಡೆಡ್' ಅಂತ ಬರೆದ ರೆಸಲ್ಯೂಷನ್ನೇ ಇಡಿ. ಮಾನಿಟರ್ ಮೆನುವಿನಲ್ಲಿ ಶಾರ್ಪ್‌ನೆಸ್ ಪೂರ್ತಿ ಏರಿಸಬೇಡಿ, ಮುಖದ ಸುತ್ತ ಬಿಳಿ ಗೆರೆ ಬರುತ್ತದೆ.

ರಾತ್ರಿ ಒಂಬತ್ತಕ್ಕೆ ಮಾತ್ರ ಕೆಡುತ್ತದೆ ಅನ್ನುವವರದು ಬೇರೆ ಕಥೆ. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ 2.4 ಗಿಗಾಹರ್ಟ್ಸ್ ವೈಫೈ ಅಕ್ಕಪಕ್ಕದವರ ಸಿಗ್ನಲ್‌ನಿಂದ ಕಿಕ್ಕಿರಿದಿರುತ್ತದೆ. ಒಂದಕ್ಕೊಂದು ತಾಗದ ಚಾನೆಲ್ ಅದರಲ್ಲಿ 1, 6, 11, ಮೂರೇ. ರೌಟರ್ ಅದೇ ರೂಮಲ್ಲಿದ್ದರೆ 5 ಗಿಗಾಹರ್ಟ್ಸ್‌ಗೆ ಹೋಗಿ. ದೂರ ಇದ್ದರೆ ಲ್ಯಾನ್ ವೈರ್ ಎಳೆಯಿರಿ. ವೈರ್‌ನಲ್ಲೂ ಸ್ಪೀಡ್ ಬರದಿದ್ದರೆ ಆಗ ನೆಟ್‌ನವರಿಗೆ ಫೋನ್ ಮಾಡಿ ಬೈಯಿರಿ.

ಹಳೇ ಕನ್ನಡ ಹಾಡುಗಳನ್ನು ಯಾರೋ 360ರಲ್ಲಿ ಹಾಕಿದ್ದರೆ ಮಾತ್ರ ಯಾವ ಕೇಬಲ್ಲೂ ಉಳಿಸಲ್ಲ. ಫುಲ್ ಸ್ಕ್ರೀನ್ ಮಾಡದೆ ಚಿಕ್ಕ ಕಿಟಕಿಯಲ್ಲೇ ನೋಡಿ.